ರೆಕ್ಕೆಯಂಚಿನ ಕಪ್ಪು ಪಟ್ಟಿ

ಹುಬ್ಬಳ್ಳಿ, ಮೈಸೂರಿನಂತಹ ನಿಲ್ದಾಣಗಳಿಗೆ ಬಂದುಹೋಗುವ ಎಟಿಆರ್ ಎಂಬ ಪ್ರೊಪೆಲರ್ ವಿಮಾನವನ್ನು ಹತ್ತಲು ನಡೆದು ಹೋಗುವಾಗ ಅದರ ರೆಕ್ಕೆಯ ಮುಂದಿನ ಅಂಚನ್ನೊಮ್ಮೆ ದಿಟ್ಟಿಸಿ ನೋಡಿ. ಸೈಕಲ್ ಟ್ಯೂಬನ್ನು ಸೀಳಿ ಅಂಟಿಸಿದಂತೆ ಕಪ್ಪು ರಬ್ಬರ್ ಹೊದಿಕೆಯೊಂದು ಕಾಣುತ್ತದೆ. ವೈಮಾನಿಕರು ಅದನ್ನು ‘ಬೂಟ್’ ಎನ್ನುತ್ತಾರೆ. ಗಾಳಿ ತುಂಬಿದರೆ ಉಬ್ಬುತ್ತದೆ, ಬಿಟ್ಟರೆ ಕುಗ್ಗುತ್ತದೆ. ಮೇಲೆ ಕಟ್ಟಿದ ಮಂಜುಗಡ್ಡೆ ಹೋಳಾಗಿ ಹಾರಿಹೋಗುತ್ತದೆ. 1930ರ ದಶಕದ ಉಪಾಯವಿದು. ಜೆಟ್ ವಿಮಾನಗಳಿಗೆ ಎಂಜಿನ್ನಿನ ಬಿಸಿಗಾಳಿಯನ್ನೇ ರೆಕ್ಕೆಯೊಳಗೆ ಹಾಯಿಸುವ ಅನುಕೂಲವಿದೆ. ಪ್ರೊಪೆಲರ್ ವಿಮಾನಕ್ಕೆ ಅಷ್ಟು ಬಿಸಿಗಾಳಿಯ ಶ್ರೀಮಂತಿಕೆ ಇಲ್ಲ.

ಹುಬ್ಬಳ್ಳಿಯ ವಿಮಾನಕ್ಕೆ ಮಂಜುಗಡ್ಡೆಯ ಚಿಂತೆಯೇಕೆ ಎಂದು ನಗಬೇಡಿ. ಕರ್ನಾಟಕದ ಮೇಲೂ ಸುಮಾರು ಐದು ಕಿಲೋಮೀಟರ್ ಎತ್ತರಕ್ಕೆ ಹೋದರೆ ಉಷ್ಣಾಂಶ ಸೊನ್ನೆಗೆ ಇಳಿದಿರುತ್ತದೆ. ಅಲ್ಲಿಂದಾಚೆ ಮಳೆಮೋಡದಲ್ಲಿರುವುದು ವಿಚಿತ್ರ ನೀರು. ಸೊನ್ನೆಗಿಂತ ಕೆಳಗಿದ್ದರೂ ಅದು ಹೆಪ್ಪುಗಟ್ಟಿರುವುದಿಲ್ಲ. ಹೆಪ್ಪುಗಟ್ಟಲು ನೀರಿನ ಹನಿಗೆ ಧೂಳಿನ ಕಣದಂತಹ ಯಾವುದಾದರೊಂದು ನೆಪ ಬೇಕು. ಅದು ಸಿಗದಿದ್ದರೆ ಶುದ್ಧ ಹನಿಗಳು ಮೈನಸ್ 30 ಡಿಗ್ರಿ ದಾಟಿದರೂ ದ್ರವವಾಗಿಯೇ ತೇಲುತ್ತಿರಬಲ್ಲವು. ಇಂತಹ ಅತಿಶೀತಲ ಹನಿಗೆ ವಿಮಾನದ ರೆಕ್ಕೆ ಬಡಿದದ್ದೇ ತಡ, ನೆಪ ಸಿಕ್ಕಿಬಿಡುತ್ತದೆ.

ಆದರೆ ಇಡೀ ಹನಿ ಒಮ್ಮೆಗೇ ಗಡ್ಡೆಯಾಗುವುದಿಲ್ಲ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಶಾಖವನ್ನು ಹೊರಬಿಡುತ್ತದೆ. ಶಾಲೆಯಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಮೈನಸ್ 10 ಡಿಗ್ರಿಯ ಹನಿ ತನ್ನ ಚಳಿಯಿಂದಲೇ ನುಂಗಿಕೊಳ್ಳಬಲ್ಲ ಶಾಖ ಗ್ರಾಂಗೆ ಹತ್ತು ಕ್ಯಾಲೊರಿ ಮಾತ್ರ. ಹಾಗಾಗಿ ತಕ್ಷಣ ಗಡ್ಡೆಯಾಗುವುದು ಎಂಟನೆಯ ಒಂದು ಭಾಗ. ಉಳಿದದ್ದು ಬೀಸುವ ಗಾಳಿಗೆ ಶಾಖ ಕಳೆದುಕೊಳ್ಳುತ್ತ, ರೆಕ್ಕೆಯ ಮೇಲೆ ಹಿಂದಕ್ಕೆ ಹರಿಯುತ್ತ ಗಟ್ಟಿಯಾಗುತ್ತದೆ. ಮೈನಸ್ 3ರಲ್ಲಿ ಇನ್ನೂ ಹೆಚ್ಚು ನೀರು ಹರಿಯುತ್ತದೆ. ಅಂದರೆ ಕೊರೆಯುವ ಚಳಿಗಿಂತ ಸೊನ್ನೆಯ ಆಸುಪಾಸಿನ ಮೋಡವೇ ಹಲವು ಸಲ ಹೆಚ್ಚು ಕಾಟ ಕೊಡುತ್ತದೆ.

ಮಂಜುಗಡ್ಡೆಯ ಭಾರಕ್ಕೆ ವಿಮಾನ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಭಾರದ್ದು ಸಣ್ಣ ಲೆಕ್ಕ, ಆಕಾರದ್ದು ದೊಡ್ಡದು. ಒರಟು ಉಪ್ಪುಕಾಗದದಷ್ಟು ತರಿತರಿಯಾದ ತೆಳು ಪದರ ಸಾಕು, ರೆಕ್ಕೆಯ ಎತ್ತುವ ಬಲ ಶೇ. 30ರಷ್ಟು ಕುಸಿಯಬಹುದು. ರೆಕ್ಕೆಯ ಮೈಗೆ ಅಂಟಿಕೊಂಡು ಜಾರಬೇಕಾದ ಗಾಳಿ ನಡುವೆಯೇ ಕಿತ್ತುಕೊಂಡು ಸುಳಿಯಾಗುತ್ತದೆ.

ಆ ಸುಳಿ ಎಷ್ಟು ಕೆಟ್ಟದ್ದೆಂದು ಲೋಕಕ್ಕೆ ತಿಳಿದದ್ದು 1994ರ ಅಕ್ಟೋಬರ್ 31ರಂದು. ಅಮೆರಿಕದ ಇಂಡಿಯಾನಾಪೊಲಿಸ್‌ನಿಂದ ಷಿಕಾಗೋಗೆ ಹೊರಟಿದ್ದ ಅಮೆರಿಕನ್ ಈಗಲ್ 4184 ಕೂಡ ಎಟಿಆರ್ 72 ವಿಮಾನವೇ. ಷಿಕಾಗೋದಲ್ಲಿ ಇಳಿಯಲು ಸರದಿ ಬರಲಿಲ್ಲ. ರೋಸ್‌ಲಾನ್ ಎಂಬ ಊರಿನ ಬಳಿ, 10,000 ಅಡಿ ಎತ್ತರದಲ್ಲಿ ಅದು ಅರ್ಧ ಗಂಟೆಗೂ ಹೆಚ್ಚು ಹೊತ್ತು ಸುತ್ತುಹಾಕಿತು. ಉಷ್ಣಾಂಶ ಸೊನ್ನೆಗಿಂತ ತುಸುವೇ ಕೆಳಗೆ. ಮಂಜು ಕಟ್ಟುತ್ತಿದೆ ಎಂದು ಪೈಲಟ್‌ಗಳು ಮಾತನಾಡಿಕೊಂಡದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿದೆ. ಬೂಟುಗಳು ತಮ್ಮ ಕೆಲಸ ಮಾಡುತ್ತಿದ್ದವು.

ತೊಂದರೆಯಿದ್ದದ್ದು ಹನಿಯ ಗಾತ್ರದಲ್ಲಿ. ಸಾಮಾನ್ಯ ಮೋಡದ ಹನಿ ಹೆಚ್ಚೆಂದರೆ 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್). ವಿಮಾನಗಳನ್ನು ಪರೀಕ್ಷಿಸುವ ನಿಯಮವೂ ಅಲ್ಲಿಗೇ ನಿಂತಿತ್ತು. ಆ ಸಂಜೆ ಅಲ್ಲಿ ಬೀಳುತ್ತಿದ್ದುದು ತುಂತುರು ಮಳೆಯ ದಪ್ಪ ಹನಿ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮೂತಿಯನ್ನು ತಗ್ಗಿಸಿ ಹಾರಲೆಂದು ಪೈಲಟ್‌ಗಳು ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ ಎಂಬ ಫಲಕಗಳನ್ನು ಸ್ವಲ್ಪ ಚಾಚಿದ್ದರು. ಪ್ರಯಾಣಿಕರಿಗೆ ಹಾಯೆನಿಸುವ ಆ ಭಂಗಿಯಲ್ಲಿ ದಪ್ಪ ಹನಿಗಳು ರೆಕ್ಕೆಯ ಮೇಲ್ಮೈಗೆ ಇನ್ನಷ್ಟು ಹಿಂದೆ ಬಡಿದವು. ರಬ್ಬರ್ ಪಟ್ಟಿ ಮುಗಿಯುವ ಗೆರೆಯ ಆಚೆ, ಗದ್ದೆಯ ಬದುವಿನಂತೆ ಮಂಜುಗಡ್ಡೆ ಎದ್ದು ನಿಂತಿತು. ಬೂಟು ಎಷ್ಟು ಉಬ್ಬಿದರೂ ಅದನ್ನು ಮುಟ್ಟಲಾರದು.

ಕೆಳಗಿಳಿಯಲು ಅನುಮತಿ ಬಂತು. ಇಳಿಯುವಾಗ ವೇಗ ಏರಿದ್ದರಿಂದ ಫ್ಲ್ಯಾಪ್‌ಗಳನ್ನು ಒಳಗೆಳೆದುಕೊಂಡರು. ರೆಕ್ಕೆ ಗಾಳಿಗೆ ಒಡ್ಡಿಕೊಳ್ಳುವ ಕೋನ ಹೆಚ್ಚಿತು; ಬದುವಿನ ಹಿಂದೆ ಗಾಳಿ ಕಿತ್ತುಕೊಂಡಿತು. ವಿಮಾನವನ್ನು ಎಡಬಲಕ್ಕೆ ವಾಲಿಸುವ ಏಲರಾನ್ ಎಂಬ ಫಲಕ ರೆಕ್ಕೆಯ ತುದಿಯ ಹಿಂಭಾಗದಲ್ಲಿರುತ್ತದೆ. ಎಟಿಆರ್‌ನಲ್ಲಿ ಅದನ್ನು ಆಡಿಸುವುದು ಪೈಲಟ್‌ನ ಕೈಬಲ, ನಡುವೆ ತಂತಿಗಳು. ಅಲ್ಲೆದ್ದ ಸುಳಿ ಬಲ ಏಲರಾನನ್ನು ಮೇಲಕ್ಕೆ ಸೆಳೆದುಬಿಟ್ಟಿತು. ಅಷ್ಟು ಹೊತ್ತು ಆಟೋಪೈಲಟ್ ವಿಮಾನವನ್ನು ನಡೆಸುತ್ತಿದ್ದುದರಿಂದ ಪೈಲಟ್‌ಗಳ ಕೈಗೆ ಯಾವ ಸುಳಿವೂ ತಟ್ಟಿರಲಿಲ್ಲ. ಈಗ ಅದು ಕೈಬಿಟ್ಟಿತು. ವಿಮಾನ ಕ್ಷಣಾರ್ಧದಲ್ಲಿ ಬಲಕ್ಕೆ ಮಗುಚಿ, ಅರ್ಧ ನಿಮಿಷದೊಳಗೆ ಸೋಯಾ ಹೊಲವೊಂದಕ್ಕೆ ಅಪ್ಪಳಿಸಿತು. ಒಳಗಿದ್ದ 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ತಪ್ಪು ಪೈಲಟ್‌ಗಳದ್ದೋ ವಿಮಾನದ್ದೋ ಎಂದು ಅಮೆರಿಕ ಮತ್ತು ಎಟಿಆರ್ ತಯಾರಾಗುವ ಫ್ರಾನ್ಸಿನ ತನಿಖಾ ಸಂಸ್ಥೆಗಳು ಜಗಳವಾಡಿದವು. ನನಗೆ ಆ ಜಗಳಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲೆ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ನಡೆದ ಪ್ರಯೋಗ. ಮುಂದೊಂದು ಟ್ಯಾಂಕರ್ ವಿಮಾನ ಆಕಾಶದಲ್ಲಿ ನೀರು ಸಿಂಪಡಿಸುತ್ತ ಹೋಯಿತು, ಆ ತುಂತುರಿನಲ್ಲಿ ಹಿಂದೊಂದು ಎಟಿಆರ್ ಹಾರಿತು. ದಪ್ಪ ಹನಿಗಳನ್ನು ಬಿಟ್ಟಾಗ ಬೂಟಿನ ಹಿಂದೆ ಅದೇ ಬದು ಎದ್ದಿತು. ಹೊಸ ಬೂಟುಗಳನ್ನು ಇನ್ನಷ್ಟು ಹಿಂದಕ್ಕೆ ಚಾಚಿ ಹೊಲಿದರು, ಅನ್ನಬೇಕು. ದಪ್ಪ ಹನಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮ ಅಮೆರಿಕದಲ್ಲಿ ಬಂದದ್ದು ಮಾತ್ರ 2014ರಲ್ಲಿ, ಸರಿಯಾಗಿ 20 ವರ್ಷದ ಮೇಲೆ.

ಆ ಪ್ರಯೋಗಗಳಿಂದ ಪೈಲಟ್‌ಗಳಿಗೆ ಖರ್ಚಿಲ್ಲದ ಒಂದು ಸೂಚನೆಯೂ ದಕ್ಕಿತು. ಸಾಮಾನ್ಯ ಮೋಡದಲ್ಲಿ ಎಟಿಆರ್ ಕಾಕ್‌ಪಿಟ್‌ನ ಪಕ್ಕದ ಕಿಟಕಿ ತಿಳಿಯಾಗಿಯೇ ಇರುತ್ತದೆ. ಸಣ್ಣ ಹನಿಗಳು ಗಾಳಿಯ ಜೊತೆ ಬಳುಕಿ ಪಾರಾಗುತ್ತವೆ. ದಪ್ಪ ಹನಿಗೆ ಅಷ್ಟು ಬೇಗ ತಿರುಗಲಾಗದು, ಗಾಜಿಗೆ ಬಡಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಬಿಸಿ ಮಾಡದ ಆ ಗಾಜಿನ ಮೇಲೆ ಮಂಜು ಹರಡತೊಡಗಿತೆಂದರೆ ಪೈಲಟ್ ಆಟೋಪೈಲಟ್ ತೆಗೆದು, ಚುಕ್ಕಾಣಿಯನ್ನು ಗಟ್ಟಿಯಾಗಿ ಹಿಡಿದು, ಆ ಮೋಡದಿಂದ ಹೊರಬೀಳಬೇಕು.