ಬೇಸಲ್ ದರ: ಇನ್ಸುಲಿನ್ ಪಂಪ್ ಕೊಳ್ಳುವ ಮೊದಲು ತಿಳಿದಿರಬೇಕಾದ ಪದ

ಮೈಮೇಲೆ ಧರಿಸಿ ದಿನವಿಡೀ ಇನ್ಸುಲಿನ್ ಪಡೆಯುವ ಪುಟ್ಟ ಯಂತ್ರವಾದ ಇನ್ಸುಲಿನ್ ಪಂಪ್ ಬಗ್ಗೆ ವಿಚಾರಿಸಲು ಹೋದವರ ಕಿವಿಗೆ ಮೊದಲ ಹತ್ತು ನಿಮಿಷಗಳಲ್ಲೇ ಬೀಳುವ ಪದ ‘ಬೇಸಲ್’. ಊಟ ಮಾಡಲಿ ಬಿಡಲಿ, ಎಚ್ಚರವಿರಲಿ ನಿದ್ದೆಯಲ್ಲಿರಲಿ, ದೇಹಕ್ಕೆ ದಿನದ 24 ಗಂಟೆಯೂ ಬೇಕಾಗುವ ಇನ್ಸುಲಿನ್ನಿಗೆ ಬೇಸಲ್ ಇನ್ಸುಲಿನ್ ಎಂದು ಹೆಸರು. ಪಂಪ್ ಅದನ್ನು ಗಂಟೆಗೆ ಎಷ್ಟು ಯೂನಿಟ್‌ನಂತೆ ಒಳಗೆ ಬಿಡುತ್ತದೆ ಎಂಬ ಲೆಕ್ಕವೇ ಬೇಸಲ್ ದರ. ಯಾವ ಕಂಪನಿಯ ಪಂಪ್ ಒಳ್ಳೆಯದು ಎಂದು ಕೇಳುವ ಮೊದಲು ಈ ಒಂದು ಪದವನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಆಯ್ಕೆಯ ಅರ್ಧ ಗೊಂದಲ ತಾನಾಗಿ ಕರಗುತ್ತದೆ ಎಂಬುದು, ಮಗಳಿಗೆ ಪಂಪ್ ಹಾಕಿಸಿದ ನನ್ನ ಅನುಭವ.

ಬೇಸಲ್ ಎಂದರೆ ತಳದ್ದು, ಬುಡದ್ದು. ಇದರ ಜೋಡಿ ಪದ ‘ಬೋಲಸ್’. ಗ್ರೀಕ್ ಮೂಲದ ಆ ಪದಕ್ಕೆ ಉಂಡೆ, ಮುದ್ದೆ ಎಂಬ ಅರ್ಥವಿದೆ. ಊಟದ ಹೊತ್ತಿಗೆ ಅಥವಾ ಏರಿದ ಶುಗರ್ ಇಳಿಸಲು ಒಮ್ಮೆಲೇ ಕೊಡುವ ಇನ್ಸುಲಿನ್ ಅದು. ‘ತಳದ ಇನ್ಸುಲಿನ್’ ಮತ್ತು ‘ಊಟದ ಇನ್ಸುಲಿನ್’ ಎಂದು ಹೇಳಿಕೊಟ್ಟರೆ ಮನೆಯ ಹಿರಿಯರಿಗೂ ವಿಷಯ ಥಟ್ಟನೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಮಗಳ ಅಜ್ಜಿ ಇಂದಿಗೂ ಹಾಗೆಯೇ ಕರೆಯುತ್ತಾರೆ.

ಏನೂ ತಿನ್ನದಿರುವಾಗ ಇನ್ಸುಲಿನ್ ಏಕೆ ಬೇಕು ಎಂಬ ಪ್ರಶ್ನೆ ಸಹಜವಾದದ್ದು. ನಾವು ಉಪವಾಸವಿದ್ದರೂ ಯಕೃತ್ತು ಸುಮ್ಮನಿರುವುದಿಲ್ಲ. ಮೆದುಳಿಗೂ ಇತರ ಅಂಗಗಳಿಗೂ ಬೇಕಾದ ಗ್ಲೂಕೋಸನ್ನು ಅದು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಆ ಹರಿವನ್ನು ಹದದಲ್ಲಿ ಇರಿಸುವುದು ಮತ್ತು ಕೊಬ್ಬು ಲಂಗುಲಗಾಮಿಲ್ಲದೆ ಕರಗಿ ಕೀಟೋನ್ ಎಂಬ ಆಮ್ಲವಾಗದಂತೆ ತಡೆಯುವುದು ತಳದ ಇನ್ಸುಲಿನ್ನಿನ ಕೆಲಸ. ಟೈಪ್ 1 ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುವುದರಿಂದ ಈ ಕೆಲಸವೂ ಹೊರಗಿನ ಇನ್ಸುಲಿನ್ನಿನಿಂದಲೇ ಆಗಬೇಕು.

ಇಂಜೆಕ್ಷನ್ ತೆಗೆದುಕೊಳ್ಳುವವರು ಇದಕ್ಕೆಂದು ಗ್ಲಾರ್ಜಿನ್‌ನಂತಹ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ ಚುಚ್ಚಿಕೊಳ್ಳುತ್ತಾರೆ. ಅದು ಹೆಚ್ಚುಕಡಿಮೆ ಸಮಮಟ್ಟದಲ್ಲಿ ಹರಡುತ್ತದೆ. ಆದರೆ ದೇಹದ ಅಗತ್ಯ ಸಮಮಟ್ಟದ್ದಲ್ಲ. ಬೆಳಗಿನ ಜಾವ ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲ್ ಮೊದಲಾದವು ಏರುವುದರಿಂದ ಏನೂ ತಿನ್ನದೆಯೇ ಶುಗರ್ ಮೇಲೇರುವವರು ಬಹಳ ಮಂದಿ, ಅದರಲ್ಲೂ ಹದಿಹರೆಯದವರು. ಪಂಪ್ ನಿಜವಾಗಿ ನೆರವಾಗುವುದು ಇಲ್ಲಿ. ನಮ್ಮ ಮಗಳಿಗೆ 12 ವರ್ಷವಿದ್ದಾಗ ಪಂಪಿನಲ್ಲಿ ತುಂಬಿಸಿದ್ದ ದರಗಳು ನನಗೆ ಬಾಯಿಪಾಠವಾಗಿದ್ದವು. ನಡುರಾತ್ರಿಯಿಂದ 3 ಗಂಟೆಯವರೆಗೆ ಗಂಟೆಗೆ 0.40 ಯೂನಿಟ್, 3ರಿಂದ 8ರವರೆಗೆ 0.65, 8ರಿಂದ ಸಂಜೆ 5ರವರೆಗೆ 0.45, ಅಲ್ಲಿಂದ ನಡುರಾತ್ರಿಯವರೆಗೆ 0.50, ಎಲ್ಲ ಕೂಡಿದರೆ ದಿನಕ್ಕೆ ಸರಿಯಾಗಿ 12 ಯೂನಿಟ್. ಈ ಅಂಕಿಗಳು ಅವಳೊಬ್ಬಳವು, ಇನ್ನೊಂದು ಮಗುವಿಗೆ ಹೊಂದುವಂಥವಲ್ಲ. ಗಂಟೆಗೆ 0.50 ಯೂನಿಟ್ ಎಂದರೆ ಎಷ್ಟು ಎಂದು ಕಣ್ಣಿಗೆ ಕಟ್ಟಬೇಕಾದರೆ, ಒಂದು ಹನಿಯನ್ನು ಹತ್ತು ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ಇಡೀ ಗಂಟೆಗೆ ಹಂಚಿದಷ್ಟು.

ಇಂಥ ಸೂಕ್ಷ್ಮ ಹರಿವಿಗಾಗಿ ಪಂಪಿನಲ್ಲಿ ತುಂಬುವುದು ಲಿಸ್ಪ್ರೊ, ಆಸ್ಪಾರ್ಟ್‌ನಂತಹ ಶೀಘ್ರ ಕೆಲಸ ಮಾಡುವ ಇನ್ಸುಲಿನ್ ಒಂದನ್ನೇ. ತಳಕ್ಕೂ ಅದೇ, ಊಟಕ್ಕೂ ಅದೇ. ಪಂಪಿನ ಲೆಕ್ಕಾಚಾರವೆಲ್ಲ ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಹೊಂದಿಸಿದ್ದು. ನಮ್ಮ ಔಷಧದ ಅಂಗಡಿಗಳಲ್ಲಿ 40 ಯೂನಿಟ್‌ನ ಬಾಟಲಿಗಳೂ ಸಿಗುವುದರಿಂದ, ತರುವವರು ಲೇಬಲ್ಲಿನ ಮೇಲಿನ ಅಂಕಿಯನ್ನು ಪ್ರತಿ ಸಲವೂ ಓದಬೇಕು. ತಪ್ಪಿ 40ರದ್ದನ್ನು ತುಂಬಿದರೆ ಪರದೆಯ ಮೇಲೆ 10 ಯೂನಿಟ್ ಎಂದು ಕಂಡಾಗ ದೇಹಕ್ಕೆ ಹೋಗಿರುವುದು 4 ಯೂನಿಟ್ ಮಾತ್ರ.

ಪಂಪ್ ಹಾಕಿಕೊಂಡವರ ದೇಹದಲ್ಲಿ ದೀರ್ಘಕಾಲದ ಇನ್ಸುಲಿನ್ನಿನ ದಾಸ್ತಾನು ಇರುವುದಿಲ್ಲ ಎಂಬ ಮಾತನ್ನು ಕೊಳ್ಳುವವರಿಗೆ ಸಾಕಷ್ಟು ಒತ್ತಿ ಹೇಳುವುದಿಲ್ಲ. ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಶುಗರ್ ಏರಿ ಕೀಟೋನ್ ಶುರುವಾಗುತ್ತದೆ. ಒಮ್ಮೆ ರಾತ್ರಿ ಮಲಗುವ ಹೊತ್ತಿಗೆ ಮಗಳ ಇನ್‌ಫ್ಯೂಷನ್ ಸೆಟ್, ಅಂದರೆ ಪಂಪಿನಿಂದ ಚರ್ಮದಡಿಗೆ ಇನ್ಸುಲಿನ್ ಒಯ್ಯುವ ಕೊಳವೆಯ ಜೋಡಣೆ, ಬದಲಿಸಿದೆ. ಬೆಳಗಿನ ಜಾವ ಅವಳು ಹೊಟ್ಟೆ ತೊಳಸುತ್ತಿದೆ ಎಂದು ಎದ್ದಾಗ ಶುಗರ್ 380 ದಾಟಿತ್ತು. ಅಂಟನ್ನು ಬಿಡಿಸಿ ನೋಡಿದರೆ, ಚರ್ಮದೊಳಗೆ ನೇರವಾಗಿ ಇಳಿಯಬೇಕಿದ್ದ ಬೆಂಕಿಕಡ್ಡಿಗಿಂತ ತೆಳುವಾದ ಆ ಮೆದು ಕೊಳವೆ ನಡುವೆ ಮಡಚಿಕೊಂಡಿತ್ತು. ಪಂಪ್ ತಳ್ಳುತ್ತಲೇ ಇತ್ತು, ಒಳಗೆ ಏನೂ ಹೋಗಿರಲಿಲ್ಲ. ಬೇಸಲ್‌ನಂತಹ ಸಣ್ಣ ಹರಿವಿನಲ್ಲಿ ‘ಅಡಚಣೆ’ ಎಂಬ ಅಲಾರಂ ಬಾರಿಸುವಷ್ಟು ಒತ್ತಡ ಕೂಡಿಬರಲು ಬಹಳ ಹೊತ್ತು ಬೇಕು. ಇನ್ಸುಲಿನ್ ಚುಚ್ಚುವ ಪೆನ್ನಿನಿಂದ ಇನ್ಸುಲಿನ್ ಕೊಟ್ಟು, ಹೊಸ ಸೆಟ್ ಹಾಕಿ, ಕೀಟೋನ್ ಇಳಿಯುವವರೆಗೆ ಪಕ್ಕದಲ್ಲಿ ಕುಳಿತಿದ್ದೆ. ಅಂದಿನಿಂದ ನಮ್ಮಲ್ಲಿ ಸೆಟ್ ಬದಲಿಸುವುದು ಬೆಳಿಗ್ಗೆ ಅಥವಾ ಶಾಲೆಯಿಂದ ಬಂದ ಮೇಲೆ. ಎರಡು ಗಂಟೆ ಬಿಟ್ಟು ಶುಗರ್ ನೋಡದೆ ಬಿಡುವುದಿಲ್ಲ. ಪೆನ್ನು ಮತ್ತು ಕೀಟೋನ್ ಪರೀಕ್ಷಿಸುವ ಪಟ್ಟಿಗಳನ್ನು ಮನೆಯಲ್ಲಿಯೂ ಶಾಲೆಯ ಚೀಲದಲ್ಲಿಯೂ ಇಡುವ ಶಿಸ್ತು ತಮಗೆ ಸಾಧ್ಯವೇ ಎಂಬುದನ್ನು ಪಂಪಿನ ಬೆಲೆ ಕೇಳುವ ಮೊದಲೇ ಕೇಳಿಕೊಳ್ಳಬೇಕು.

ಈಗ ಆಯ್ಕೆಯ ವಿಚಾರ. ಬೇಸಲ್ ದರವನ್ನು ಎಷ್ಟು ಸಣ್ಣ ಹೆಜ್ಜೆಗಳಲ್ಲಿ ಏರಿಸಿ ಇಳಿಸಬಹುದು ಎಂಬುದು ಮೊದಲ ಪ್ರಶ್ನೆ. ಗಂಟೆಗೆ 0.05 ಯೂನಿಟ್‌ನ ಹೆಜ್ಜೆ ವಯಸ್ಕರಿಗೆ ಧಾರಾಳವಾಗಿ ಸಾಕು. ಆದರೆ ಗಂಟೆಗೆ 0.10 ಯೂನಿಟ್ ಮಾತ್ರ ಬೇಕಾಗುವ ಪುಟ್ಟ ಮಗುವಿಗೆ ಆ ಒಂದು ಹೆಜ್ಜೆ ಎಂದರೆ ಇನ್ಸುಲಿನ್ನಿನಲ್ಲಿ ಅರ್ಧದಷ್ಟು ವ್ಯತ್ಯಾಸ, ಆದ್ದರಿಂದ ಅವರಿಗೆ 0.025ರ ಹೆಜ್ಜೆಯಿರುವ ಮಾದರಿಯೇ ಬೇಕು. ದಿನಕ್ಕೆ ಒಟ್ಟು 80 ಯೂನಿಟ್ ಬೇಕಾಗುವವರು ನೋಡಬೇಕಾದದ್ದು ಬೇರೆ: 200 ಯೂನಿಟ್ ಹಿಡಿಯುವ ಪಂಪ್ ಅವರಿಗೆ ಮೂರು ದಿನ ಬರುವುದಿಲ್ಲ, 300 ಹಿಡಿಯುವುದು ಬರುತ್ತದೆ. ಜ್ವರ ಬಂದಾಗ, ಕಬಡ್ಡಿ ಆಡುವಾಗ, ದೂರದ ನಡಿಗೆಗೆ ಹೊರಟಾಗ ಕೆಲವು ಗಂಟೆಗಳ ಮಟ್ಟಿಗೆ ದರವನ್ನು ಶೇಕಡಾವಾರು ಏರಿಳಿಸುವ ತಾತ್ಕಾಲಿಕ ಬೇಸಲ್ ಸೌಲಭ್ಯವನ್ನು ಎಷ್ಟು ಬಟನ್ ಒತ್ತಿ ತಲುಪಬಹುದು ಎಂಬುದನ್ನು ಪಂಪ್ ಕೈಯಲ್ಲಿ ಹಿಡಿದೇ ಪರೀಕ್ಷಿಸಬೇಕು. ಕೊಳವೆಯಿರುವ ಪಂಪನ್ನು ಸ್ನಾನಕ್ಕೆ ಕಳಚಿಡಬಹುದು, ಮೈಗೆ ನೇರವಾಗಿ ಅಂಟುವ ಮಾದರಿಯನ್ನು ನಡುವೆ ಕಳಚಲಾಗದು. ಇದು ಬಹುಮಟ್ಟಿಗೆ ಹಾಕಿಕೊಳ್ಳುವವರ ಇಷ್ಟದ ಮಾತು, ಮಗುವಾದರೆ ಮಗುವನ್ನೇ ಕೇಳಬೇಕು.

ಮೈಗೆ ಅಂಟಿಸಿದ ಸೆನ್ಸರ್ ತೋರಿಸುವ ಶುಗರ್ ನೋಡಿ ತಳದ ಇನ್ಸುಲಿನ್ನನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆಗೆ ಅಮೆರಿಕದಲ್ಲಿ ಮೊದಲ ಬಾರಿಗೆ 2016ರಲ್ಲಿ ಅನುಮತಿ ದೊರೆಯಿತು. ಇಂಥ ಪಂಪ್ ಸಿಗುವಾಗ ಬೇಸಲ್ ದರದ ತಲೆನೋವು ನಮಗೇಕೆ ಎಂದು ಕೇಳುವವರಿದ್ದಾರೆ. ಕೈಗೆಟುಕುವವರು ಅದನ್ನೇ ಆರಿಸಿಕೊಳ್ಳುವುದು ಮೇಲು ಎಂದು ನಾನೂ ಹೇಳುತ್ತೇನೆ, ರಾತ್ರಿಯ ನಿದ್ದೆಯ ಮಟ್ಟಿಗಂತೂ ಅದಕ್ಕೆ ಸಾಟಿಯಿಲ್ಲ. ಆದರೆ ಅಂಥ ವ್ಯವಸ್ಥೆಗಳಲ್ಲಿ ಕೆಲವು ನಾವು ತುಂಬಿಸಿದ ದರವನ್ನೇ ಅಡಿಪಾಯವಾಗಿಟ್ಟುಕೊಂಡು ಏರಿಳಿಸುತ್ತವೆ. ಮತ್ತೆ ಕೆಲವು ದಿನದ ಒಟ್ಟು ಇನ್ಸುಲಿನ್ನಿನಿಂದ ತಮ್ಮದೇ ಲೆಕ್ಕ ಮಾಡಿಕೊಳ್ಳುತ್ತವೆ. ಸೆನ್ಸರ್ ಕಿತ್ತುಬಂದರೆ ಅಥವಾ ಅದರ ಸಂಪರ್ಕ ತಪ್ಪಿದರೆ ಎರಡೂ ಬಗೆಯವು ಸಾಮಾನ್ಯವಾಗಿ ಕೊನೆಗೆ ಮರಳುವುದು ನಾವು ತುಂಬಿಸಿದ ದರಕ್ಕೇ. ವರ್ಷದ ಹಿಂದೆ ತುಂಬಿಸಿ ಮರೆತ ದರ ಆ ರಾತ್ರಿ ಮಗುವಿಗೆ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಊಟದ ಕಾರ್ಬೋಹೈಡ್ರೇಟ್ ಎಣಿಸಿ ಬೋಲಸ್ ಕೊಡುವ ಕೆಲಸವಂತೂ ಇವುಗಳಲ್ಲೂ ನಮ್ಮದೇ.

ಪಂಪಿನ ಬೆಲೆ ಲಕ್ಷಗಳಲ್ಲಿರುತ್ತದೆ. ಅದು ಒಮ್ಮೆ ಕೊಡುವ ಹಣ. ಸಾಮಾನ್ಯವಾಗಿ ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕಾದ ಸೆಟ್ಟುಗಳು, ಅಂದರೆ ತಿಂಗಳಿಗೆ ಕನಿಷ್ಠ ಹತ್ತು, ಜೊತೆಗೆ ಇನ್ಸುಲಿನ್ ತುಂಬುವ ಪುಟ್ಟ ಡಬ್ಬಿಯಾದ ರಿಸರ್ವಾಯರ್ ಮತ್ತು ಸೆನ್ಸರ್‌ಗಳ ಖರ್ಚು ನಿಲ್ಲುವಂಥದ್ದಲ್ಲ. ಪಂಪನ್ನು ಸಾಲ ಮಾಡಿ ಕೊಂಡು ಆಮೇಲೆ ಸೆಟ್ಟನ್ನು ಐದು ಆರು ದಿನ ಎಳೆದರೆ ಚರ್ಮದಡಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕಿಂತ ನಾಲ್ಕು ಹೊತ್ತಿನ ಇಂಜೆಕ್ಷನ್ನನ್ನು ಕ್ರಮವಾಗಿ ತೆಗೆದುಕೊಳ್ಳುವುದು ಎಷ್ಟೋ ಲೇಸು.

ಬೇಸಲ್ ದರ ಸರಿಯಾಗಿದೆಯೇ ಎಂದು ತಿಳಿಯುವ ಬಗೆ ಸರಳ. ವೈದ್ಯರನ್ನು ಕೇಳಿಕೊಂಡು, ಜ್ವರವಿಲ್ಲದ ಒಂದು ದಿನ, ಜಿಡ್ಡಿಲ್ಲದ ರಾತ್ರಿಯೂಟವನ್ನು ಬೇಗ ಮುಗಿಸಿ, ಅದರ ಬೋಲಸ್ ಕರಗಲು ನಾಲ್ಕೈದು ಗಂಟೆ ಬಿಟ್ಟು, ಅಲ್ಲಿಂದ ಬೆಳಗಿನವರೆಗೆ ಏನೂ ತಿನ್ನದೆ ಎರಡು ಗಂಟೆಗೊಮ್ಮೆ ಶುಗರ್ ಬರೆದಿಡುವುದು. ಏರಿಳಿತ 30ರ ಆಸುಪಾಸಿನೊಳಗಿದ್ದರೆ ದರ ಸರಿ. ಅದಕ್ಕಿಂತ ಹೆಚ್ಚು ಏರಿದರೆ ಆ ಹೊತ್ತಿಗೆ ಒಂದೆರಡು ಗಂಟೆ ಮೊದಲಿನ ದರ ಕಡಿಮೆಯಿದೆ, ಇಳಿದರೆ ಹೆಚ್ಚಿದೆ. ಶುಗರ್ 70ಕ್ಕಿಂತ ಕೆಳಗಿಳಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಗ್ಲೂಕೋಸ್ ಕೊಡಬೇಕು. ಹಗಲಿನ ಹೊತ್ತನ್ನು ಬೇರೆ ಬೇರೆ ದಿನ, ಒಂದೊಂದೇ ಊಟ ಬಿಟ್ಟು ನೋಡಬೇಕು.

ಹೀಗೆ ಸಿಕ್ಕ ದರಗಳನ್ನು ಒಂದು ಹಾಳೆಯ ಮೇಲೆ, ಕೆಳಗೆ ದಿನದ ಬೇಸಲ್ ಮೊತ್ತದೊಂದಿಗೆ, ಬರೆದಿಟ್ಟುಕೊಳ್ಳಬೇಕು. ಪಂಪ್ ಕೆಟ್ಟು ಬದಲಿ ಬಂದಾಗ ಅದರೊಳಗೆ ಯಾವ ದರವೂ ಇರುವುದಿಲ್ಲ. ಬದಲಿ ಬರುವವರೆಗಿನ ದಿನಗಳಲ್ಲಿ ಗ್ಲಾರ್ಜಿನ್ ಎಷ್ಟು ಕೊಡಬೇಕೆಂದು ವೈದ್ಯರು ಫೋನಿನಲ್ಲಿ ಲೆಕ್ಕ ಹಾಕುವುದೂ ಆ ಮೊತ್ತದಿಂದಲೇ. ನಮ್ಮ ಹಾಳೆ ಮಗಳ ಶಾಲೆಯ ಚೀಲದಲ್ಲಿ, ಪೆನ್ನಿನ ಡಬ್ಬಿಯೊಳಗೆ ಇದೆ. ದರ ಬದಲಾದಾಗಲೆಲ್ಲ ತಾರೀಖು ಹಾಕಿ ಹೊಸದನ್ನು ಇಡುತ್ತೇವೆ.