ಮರೆಮ್ಮಾ ಕಾವಲು ನಾಯಿ: ಕುರಿಹಿಂಡು ನಡೆದ ಹಾದಿಯಲ್ಲಿ ಒಂದು ತಳಿಯ ಹುಟ್ಟು

ಮಹಾರಾಷ್ಟ್ರದ ಗಡಿಭಾಗದ ಜತ್ತ, ಮಂಗಳವೇಢೆ, ಅಕ್ಕಲಕೋಟ ಕಡೆಯಿಂದ ಪಶುಸಂಗೋಪನೆ ಓದಲು ಬಂದ ನಾವೆಲ್ಲ ‘ಕುರಿನಾಯಿ’ ಎಂಬ ಒಂದೇ ಪದದಲ್ಲಿ ಎಡವುತ್ತೇವೆ. ಆ ಪದದೊಳಗೆ ಎರಡು ಬೇರೆ ಕಸುಬುಗಳಿವೆ. ಬಾರ್ಡರ್ ಕಾಲಿಯಂಥದ್ದು ಕುರಿ ತಿರುಗಿಸುವ ನಾಯಿ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹೀಗೆ ಬೇಟೆಯ ಮೊದಲ ಹೆಜ್ಜೆಗಳು ಅದರಲ್ಲಿ ಚುರುಕು. ಕಚ್ಚಿ ಕೊಲ್ಲುವ ಹೆಜ್ಜೆಯನ್ನು ಮಾತ್ರ ಸಾಕಿದವರು ಅಡಗಿಸಿದ್ದಾರೆ. ಕುರಿ ಕಾಯುವ ನಾಯಿಯಲ್ಲಿ ಈ ಇಡೀ ಸರಣಿಯೇ ಮಂದ. ಅದು ಹಿಂಡನ್ನು ಅಟ್ಟುವುದಿಲ್ಲ, ಹಿಂಡಿನ ನಡುವೆ ಮಲಗುತ್ತದೆ. ಇಟಲಿಯ ಮರೆಮ್ಮಾ-ಅಬ್ರುಝ್ಝೆ ಈ ಎರಡನೆಯ ಜಾತಿಯದು.

ಹೆಸರಿನಿಂದಲೇ ಶುರು ಮಾಡೋಣ. ಮರೆಮ್ಮಾ ಎಂದರೆ ಮಧ್ಯ ಇಟಲಿಯ ಪಶ್ಚಿಮ ಕರಾವಳಿಯ ಬಯಲು, ಕುರಿಗಳ ಚಳಿಗಾಲದ ಮೇವು ಅಲ್ಲಿ. ಅಬ್ರುಝ್ಝೊ ಎಂದರೆ ಬೆಟ್ಟಸೀಮೆ, ಬೇಸಿಗೆಯ ಮೇವು ಇಲ್ಲಿ. ಕುರಿ ಹೋದಲ್ಲಿ ನಾಯಿಯೂ ಹೋಯಿತು. ಬಯಲಿನವರು ಒಂದು ಹೆಸರಿಟ್ಟರು, ಬೆಟ್ಟದವರು ಇನ್ನೊಂದು. ಎರಡೂ ಬೇರೆ ತಳಿ ಎಂದೇ ಬಹುಕಾಲ ಎಣಿಕೆಯಾಗಿ, 1958ರಲ್ಲಿ ಅಲ್ಲಿನ ಶ್ವಾನ ಸಂಸ್ಥೆ ಎರಡನ್ನೂ ಒಂದು ಮಾಡಿತು. ನಮಗೆ ಇದು ಹೊಸ ಮಾತಲ್ಲ. ಗಡಿಯ ಆಚೆ ಕುರುಬ, ಈಚೆ ಧನಗರ ಎನ್ನುತ್ತಾರೆ; ದೀಪಾವಳಿಗೆ ಹುಲಜಂತಿ ಮಾಳಿಂಗರಾಯನ ಜಾತ್ರೆಗೆ ಎರಡೂ ಕಡೆಯ ಕಂಬಳಿಗಳು ಬಂದು ಸೇರುತ್ತವೆ.

ಇನ್ನು ಹಳೆಯ ದಾಖಲೆ. ಕ್ರಿ.ಪೂ. 37ರಲ್ಲಿ ರೋಮಿನ ವಾರ್ರೊ ಬೇಸಾಯದ ಬಗ್ಗೆ ಬರೆಯುವಾಗ ಕುರಿಗಾಹಿಯ ನಾಯಿಗೆ ಒಂದು ಭಾಗವನ್ನೇ ಮೀಸಲಿಟ್ಟ. ಬೇಟೆಗಾರರಿಂದಲೂ ಕಟುಕರಿಂದಲೂ ನಾಯಿ ಕೊಳ್ಳಬೇಡಿ ಎನ್ನುತ್ತಾನೆ: ಕಟುಕನ ನಾಯಿಗೆ ಸೋಮಾರಿತನ, ಬೇಟೆಗಾರನ ನಾಯಿ ಮೊಲ ಕಂಡರೆ ಕುರಿ ಬಿಟ್ಟು ಓಡುತ್ತದೆ. ಇದನ್ನು ಮುತ್ಯಾನಿಗೆ ಓದಿ ಹೇಳಿದೆ. ಮುಧೋಳ ನಾಯಿ ತರೋಣ ಎಂದು ನಾನೇ ಒಮ್ಮೆ ಹಟ ಹಿಡಿದಿದ್ದೆ. ಆಗ ಅವರು ಹೇಳಿದ್ದೂ ಅದೇ: “ಬ್ಯಾಟಿ ನಾಯಿ ಹಿಂಡಿಗೆ ಬ್ಯಾಡ ತಮ್ಮಾ. ಓಡೋ ಮರಿ ಕಂಡ್ರ ಅದರ ಕಾಲು ನಿಲ್ಲಂಗಿಲ್ಲ.”

ವಾರ್ರೊ ಹೇಳುವ ಊಟ ಹಾಲಲ್ಲಿ ನೆನೆಸಿದ ಜವೆಗೋಧಿ ರೊಟ್ಟಿ. ನಮ್ಮ ಹಟ್ಟಿಯಲ್ಲಿ ಜೋಳದ ರೊಟ್ಟಿ ಮುರಿದು ಹಾಲು ಸುರಿಯುತ್ತಾರೆ, ಅಷ್ಟೇ ವ್ಯತ್ಯಾಸ. ಸತ್ತ ಕುರಿಯ ಮಾಂಸ ಮಾತ್ರ ನಾಯಿಗೆ ಹಾಕಬಾರದು, ರುಚಿ ಹತ್ತೀತು ಎಂಬ ಎಚ್ಚರವೂ ಅವನಲ್ಲಿದೆ. ನನಗೆ ತುಂಬ ಹಿಡಿಸಿದ್ದು ಕೊರಳಪಟ್ಟಿಯ ವಿವರ. ಗಟ್ಟಿ ತೊಗಲಿಗೆ ಮೊಳೆ ಬಡಿದು, ಕಬ್ಬಿಣ ಕೊರಳಿಗೆ ಒತ್ತದಂತೆ ಮೊಳೆಯ ತಲೆಗಳ ಮೇಲೆ ಮೆತ್ತನೆ ತೊಗಲು ಹೊಲಿಯಬೇಕು. ಒಮ್ಮೆ ಮೊಳೆ ಚುಚ್ಚಿಸಿಕೊಂಡ ತೋಳ, ಪಟ್ಟಿ ಇಲ್ಲದ ನಾಯಿಗೂ ಬಾಯಿ ಹಾಕಲು ಹೆದರುತ್ತದೆ ಎಂಬುದು ಅವನ ಲೆಕ್ಕ. ಅಬ್ರುಝ್ಝೊದ ನಾಯಿಗಳು ಇಂದಿಗೂ ಮೊಳೆಪಟ್ಟಿ ತೊಡುತ್ತವೆ.

ಬಣ್ಣ ಬಿಳಿ ಏಕೆ? ಕ್ರಿ.ಶ. 1ನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ಇನ್ನೊಬ್ಬ ರೋಮನ್ ಲೇಖಕ ಕೊಲುಮೆಲ್ಲಾ ಉತ್ತರ ಕೊಟ್ಟಿದ್ದಾನೆ. ನಸುಕಿನಲ್ಲೋ ಮುಸ್ಸಂಜೆಯಲ್ಲೋ ತೋಳದ ಮೇಲೆ ಬೀಸಿದ ಏಟು ನಾಯಿಗೆ ಬೀಳಬಾರದು, ಅದಕ್ಕೆ. ಹಾಗೆಂದು ರೋಮಿನ ನಾಯಿಯೇ ಇಂದಿನ ಮರೆಮ್ಮಾ ಎಂದು ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ. ಅಲ್ಲಿದ್ದದ್ದು ಕೆಲಸಕ್ಕೆ ಒಗ್ಗಿದ ಒಂದು ಮಾದರಿ. ಅಳತೆ, ಬಣ್ಣ, ವಂಶಾವಳಿ ಬರೆದಿಟ್ಟ ತಳಿ ಎನ್ನುವುದು ತೀರ ಈಚಿನದು; ಮರೆಮ್ಮಾಕ್ಕೆ ಮೊದಲ ಮಾನದಂಡ ಬಂದದ್ದು 1924ರಲ್ಲಿ. ಈಗಿನ ಮಾನದಂಡದಲ್ಲಿ ಗಂಡಿನ ಎತ್ತರ 65ರಿಂದ 73 ಸೆಂ.ಮೀ., ತೂಕ 35ರಿಂದ 45 ಕಿಲೊ.

ನಡುವಿನ ಶತಮಾನಗಳಲ್ಲಿ ಈ ಮಾದರಿಯನ್ನು ಉಳಿಸಿದ್ದು ವಲಸೆ. 1447ರಲ್ಲಿ ನೇಪಲ್ಸಿನ ದೊರೆ ಅಲ್ಫಾನ್ಸೊ ಕುರಿ ವಲಸೆಗೆ ಸುಂಕದ ಆಡಳಿತವನ್ನೇ ಕಟ್ಟಿದ. ಬೆಟ್ಟದ ಲಾಕ್ವಿಲಾದಿಂದ ದಕ್ಷಿಣದ ಫೊಜ್ಜಾ ಬಯಲಿಗೆ 244 ಕಿ.ಮೀ. ಉದ್ದದ ಕುರಿದಾರಿ, ಅಗಲ 111 ಮೀಟರ್. ಮೇವು ತಿನ್ನುತ್ತಲೇ ನಡೆಯಬೇಕಲ್ಲ, ಆ ಅಗಲ ಬೇಕೇ ಬೇಕು. ದಾರಿಯಲ್ಲಿ ಪ್ರತಿ ರಾತ್ರಿ ಹೊಸ ಜಾಗ, ಬಲೆ ಕಟ್ಟಿದ ದೊಡ್ಡಿ, ಸುತ್ತ ತೋಳ. ಕುರಿಗೆ ಬಾಯಿ ಹಾಕಿದ ನಾಯಿಗೂ ತೋಳಕ್ಕೆ ಹಿಂದೆಗೆದ ನಾಯಿಗೂ ಅಲ್ಲಿ ಉಳಿಗಾಲವಿಲ್ಲ. ನನ್ನ ತಿಳಿವಳಿಕೆಯಲ್ಲಿ ತಳಿಯನ್ನು ತಿದ್ದಿದ್ದು ಈ ದಾರಿಯೇ, ಶ್ವಾನ ಪ್ರದರ್ಶನದ ಅಂಗಳವಲ್ಲ. 1970ರ ದಶಕದ ಆರಂಭಕ್ಕೆ ಇಟಲಿಯಲ್ಲಿ ಉಳಿದ ತೋಳಗಳು ಸುಮಾರು 100. ಅವು ಉಳಿದ ಬೆಟ್ಟಗಳಲ್ಲಿ ಅಬ್ರುಝ್ಝೊವೂ ಒಂದು, ಅಲ್ಲಿ ನಾಯಿಯ ಕೆಲಸವೂ ನಿಲ್ಲಲಿಲ್ಲ.

ಅಮೆರಿಕದಲ್ಲಿ 1972ರಲ್ಲಿ ಸರ್ಕಾರಿ ಜಮೀನಿನಲ್ಲಿ ಕಾಡುಪ್ರಾಣಿಗಳಿಗೆ ವಿಷ ಇಡುವುದನ್ನು ತಡೆದ ಮೇಲೆ ಅಲ್ಲಿನ ಕುರಿಗಾರರು ಬೇರೆ ದಾರಿ ಹುಡುಕಬೇಕಾಯಿತು. ನಾಯಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ರೇಮಂಡ್ ಮತ್ತು ಲೊರ್ನಾ ಕಾಪಿಂಜರ್ ದಂಪತಿ ಯೂರೋಪು, ಟರ್ಕಿಗಳಿಂದ ಕಾವಲು ತಳಿಗಳ ಮರಿ ತಂದು ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಬೆಳೆಸಿದರು, ಮರೆಮ್ಮಾವೂ ಅವುಗಳಲ್ಲಿತ್ತು. ಅವರು ಹೇಳಿದ ಮೂರು ಗುಣ ನೆನಪಿಡಿ: ಹಿಂಡಿನ ಕಡೆ ಗಮನ, ಹಿಂಡಿಗೆ ಕೇಡು ಮಾಡದ ನಂಬಿಗಸ್ತಿಕೆ, ಹೊಸದು ಕಂಡರೆ ಅಡ್ಡ ನಿಲ್ಲುವುದು. ಇವು ರಕ್ತದಿಂದಲೇ ಬರುವುದಿಲ್ಲ. ಹುಟ್ಟಿದ ಮೊದಲ ಮೂರು-ನಾಲ್ಕು ತಿಂಗಳೊಳಗೆ ಮರಿ ಯಾರ ಜೊತೆ ಬೆಳೆಯಿತೋ ಅವರನ್ನೇ ತನ್ನವರೆಂದುಕೊಳ್ಳುತ್ತದೆ. ಆಸ್ಟ್ರೇಲಿಯಾದ ವಾರ್ನಂಬೂಲ್ ಬಳಿಯ ಮಿಡಲ್ ದ್ವೀಪದಲ್ಲಿ ನರಿಗಳ ಕಾಟಕ್ಕೆ ಪುಟ್ಟ ಪೆಂಗ್ವಿನ್‌ಗಳು ಹತ್ತಕ್ಕೂ ಕಡಿಮೆಯಾದಾಗ, 2006ರಿಂದ ಕಾವಲಿಗೆ ನಿಂತದ್ದೂ ಮರೆಮ್ಮಾ ನಾಯಿಗಳೇ.

ಕಳೆದ ಚಳಿಗಾಲದಲ್ಲಿ ನಮ್ಮ ಮಾಡಗ್ಯಾಳ ತಳಿಯ ಕುರಿಗಳು ಹೊಲದಲ್ಲಿ ತಂಗಿದ್ದಾಗ ಮುತ್ಯಾ ಆಗಷ್ಟೇ ಕಣ್ಣು ಬಿಟ್ಟ ನಾಯಿಮರಿಯನ್ನು ಕುರಿಮರಿಗಳ ಬುಟ್ಟಿಯೊಳಗೆ ಬಿಟ್ಟರು. ನಾನು ಎತ್ತಿಕೊಳ್ಳಲು ಹೋದರೆ ಕೈ ಹಿಡಿದರು: “ನಿನ್ನ ವಾಸನಿ ಹತ್ತಬಾರದು, ಕುರಿ ವಾಸನಿ ಹತ್ಲಿ.” ಬೆಳಿಗ್ಗೆ ಬುಟ್ಟಿ ಎತ್ತಿದಾಗ ಅದು ಎರಡು ಕುರಿಮರಿಗಳ ಹೊಟ್ಟೆಯ ನಡುವೆ ಮೂತಿ ತೂರಿಸಿ ಮಲಗಿತ್ತು.