ಹೊಟ್ಟೆಯ ಕಾಟ ಇಳಿದದ್ದು ಯಾವುದರಿಂದ?

ಮಾನ್ವಿಯಿಂದ ಸೋದರತ್ತೆ ಬಂದಾಗ ಕೈಯಲ್ಲೊಂದು ಡಬ್ಬಿ ಇತ್ತು. ಮನೆಯಲ್ಲೇ ಕುಟ್ಟಿದ ಅರಿಶಿನ. "ತಮ್ಮಾ, ಮಜ್ಜಿಗ್ಯಾಗ ಕಲಸ್ಕೊಂಡು ಕುಡಿ. ಆ ಗುಳಿಗಿ ಬಿಡು, ಹೊಟ್ಟಿ ತಣ್ಣಗಾಗ್ತದ" ಅಂದರು.

ನನಗಿರುವುದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ಕಾಯಿಲೆ. ಜೋರಾದಾಗ ದಿನಕ್ಕೆ ಹತ್ತು ಸಲ ಓಡಬೇಕು, ರಕ್ತವೂ ಹೋಗುತ್ತದೆ. ರಾಯಚೂರಿನಿಂದ ಸಿಂಧನೂರಿಗೆ ಬಸ್ ಹತ್ತಲೂ ಭಯ.

ಅರಿಶಿನ ಕುಡಿದೆ. ಎರಡು ವಾರಕ್ಕೆ ಹೊಟ್ಟೆ ಹಗುರಾಯಿತು. ಕರುಳಿನ ಊತ ಇಳಿಸಲು ಡಾಕ್ಟರು ಕೊಟ್ಟಿದ್ದ ಮೆಸಾಲಮಿನ್ ಮಾತ್ರೆ ಬಿಟ್ಟೆ. ಮೂರನೇ ತಿಂಗಳು ಮತ್ತೆ ರಕ್ತ.

ಈ ಕಾಯಿಲೆ ತಾನಾಗಿಯೂ ಏರಿಳಿಯುತ್ತದೆ. ನಾವು ಹೊಸ ಔಷಧಿ ಹುಡುಕುವುದು ಕಾಟ ವಿಪರೀತ ಆದಾಗ, ಅಲ್ವಾ? ಅಷ್ಟೊತ್ತಿಗೆ ಅದು ಇಳಿಯುವ ಕಾಲವೂ ಬಂದಿರಬಹುದು. ಕೊನೆಗೆ ತೆಗೆದುಕೊಂಡದ್ದಕ್ಕೆ ಹೆಸರು ಬರುತ್ತದೆ, ಅದು ಅರಿಶಿನವಾಗಲಿ, ತಾಯತವಾಗಲಿ, ಇಂಗ್ಲಿಷ್ ಮಾತ್ರೆಯಾಗಲಿ. ಅದಕ್ಕೇ ಔಷಧಿ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಔಷಧಿಯಿಲ್ಲದ ಸಪ್ಪೆ ಗುಳಿಗೆ ಕೊಡುತ್ತಾರೆ.

ಹಾಗಂತ ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್‌ಗೆ ಇಂಥ ಪರೀಕ್ಷೆ ಆಗಿದೆ. ಜಪಾನಿನ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಾಯಿಲೆ ಇಳಿದಿದ್ದವರನ್ನು ಆರು ತಿಂಗಳು ನೋಡಿದರು. ಕರ್ಕ್ಯುಮಿನ್ ತೆಗೆದುಕೊಂಡ 43 ಜನರಲ್ಲಿ ಇಬ್ಬರಿಗೆ ಮರುಕಳಿಸಿತು. ಸಪ್ಪೆ ಗುಳಿಗೆಯ 39 ಜನರಲ್ಲಿ ಎಂಟು ಮಂದಿಗೆ. ಆದರೆ ಎರಡೂ ಗುಂಪಿನವರು ಮೆಸಾಲಮಿನ್ ಇಲ್ಲವೇ ಅದೇ ಥರದ ಸಲ್ಫಾಸಲಜಿನ್ ಮಾತ್ರೆ ನುಂಗುತ್ತಲೇ ಇದ್ದರು. ನಾನು ಬಿಟ್ಟಿದ್ದು ಅದನ್ನೇ!

ಇನ್ನು ಅಳತೆ. ಅವರು ಕೊಟ್ಟದ್ದು ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್. ಅಡುಗೆ ಅರಿಶಿನದಲ್ಲಿ ಅದು ನೂರಕ್ಕೆ ಮೂರು ಪಾಲು ಇದ್ದೀತು. ಅಂದರೆ ಸುಮಾರು 67 ಗ್ರಾಂ ಅರಿಶಿನ ಬೇಕು. ತೂಗಿ ನೋಡಿದೆ, ನಮ್ಮನೆ ಚಹಾ ಚಮಚಕ್ಕೆ 3 ಗ್ರಾಂ ಹಿಡಿಯಿತು. ಇಪ್ಪತ್ತು ಚಮಚಕ್ಕಿಂತ ಜಾಸ್ತಿಯಾಯಿತು. ಅಷ್ಟರಲ್ಲಿ ಮದುಮಗನಿಗೆ ಅರಿಶಿನ ಹಚ್ಚಬಹುದು.

ಅತ್ತೆಯದು ಮನೆ ಪುಡಿ, ಸರಿ. ಹೆಸರಿಲ್ಲದ ಔಷಧಿ ಪೊಟ್ಟಣವಾಗಿದ್ದರೆ ಡಾಕ್ಟರಿಗೆ ತೋರಿಸದೆ ನಾನು ಮುಟ್ಟುತ್ತಿರಲಿಲ್ಲ. ಕೆಲವು ಭಸ್ಮಗಳಲ್ಲಿ ಸೀಸ ಸಿಕ್ಕಿದೆ. ಸೀಸ ಮೈಗೆ ಸೇರಿದರೆ ಹೊಟ್ಟೆನೋವೇ ಬರುತ್ತದೆ. ಆಗ ಕಾಯಿಲೆ ಜಾಸ್ತಿಯಾಯಿತೆಂದು ಇನ್ನೊಂದು ಚಮಚ ತಿನ್ನುತ್ತೇವೆ.

ಈಗ ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ಬರೀ ಮಜ್ಜಿಗೆ. ಚಮಚದ ಲೆಕ್ಕವನ್ನು ಅತ್ತೆಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರ ಡಬ್ಬಿ ವಾಪಸ್ ಕೊಡು, ಸಾರಿಗಾದ್ರೂ ಆಗ್ತದ" ಅಂದರು.